ಬಕೆಟ್ಟಿನೊಳಗಿನ ಭೂಗೋಳ

ಸ್ನಾನದ ನೀರು ಬೆರೆಸಲು ನನಗೆ ಬರುವುದಿಲ್ಲ ಎಂಬುದು ಅರವತ್ತೊಂದನೆಯ ವಯಸ್ಸಿನಲ್ಲಿ ಗೊತ್ತಾಯಿತು. ಅದಕ್ಕೂ ಮೊದಲು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಟ್ಟವನು ನಾನು. ಭೂಮಿಯ ಕಾವು ಸಮಭಾಜಕದಿಂದ ಧ್ರುವಕ್ಕೆ ಹೇಗೆ ಹೋಗುತ್ತದೆ ಎಂದು ಹಲಗೆಯ ಮೇಲೆ ಬಾಣ ಎಳೆದು ತೋರಿಸಿದವನಿಗೆ ಒಂದು ಬಕೆಟ್ಟಿನ ಕಾವು ಎಲ್ಲಿದೆಯೆಂದು ತಿಳಿಯಲಿಲ್ಲ. ನನ್ನ ಹಳೆಯ ವಿದ್ಯಾರ್ಥಿಗಳ ಕಣ್ಣಿಗೆ ಈ ಪುಟ ಬೀಳದಿರಲಿ.

ಮಗಳು ಶ್ವೇತಾ ಬಾಣಂತನಕ್ಕೆ ಬೇಗೂರಿನ ನಮ್ಮ ಮನೆಗೆ ಬಂದಿದ್ದಾಳೆ. ಕೂಸಿಗೆ ನೀರು ಹಾಕಲು ಭೀಮನಬೀಡಿನಿಂದ ಸಿದ್ದಮ್ಮ ಬರುತ್ತಾರೆ. ಅವರದೊಂದು ಕ್ರಮವಿದೆ. ಬಚ್ಚಲಲ್ಲಿ ಕಾಲು ಚಾಚಿ ಕುಳಿತು ಮೊದಲ ಚೊಂಬನ್ನು ತಮ್ಮ ಕಾಲಿಗೇ ಸುರಿದುಕೊಳ್ಳುತ್ತಾರೆ. ಕೈ ಒಪ್ಪಿದರೆ ಸಾಲದು, ಕಾಲೂ ಒಪ್ಪಬೇಕು. ಆಮೇಲೆಯೇ ಕೂಸನ್ನು ಕಾಲ ಮೇಲೆ ಮಲಗಿಸಿಕೊಳ್ಳುವುದು. ಈ ಕಾಲದಲ್ಲಿ ಇದೆಂಥ ವಿಧಾನ ಎಂದು ನಾನು ಗುಂಡ್ಲುಪೇಟೆಗೆ ಹೋಗಿ ಒಂದು ಥರ್ಮಾಮೀಟರ್ ಕೊಂಡು ತಂದೆ.

ಚೆಂಡುಹೂವಿನ ಕೊಯ್ಲು ಶುರುವಾಗಿ ಒಂದು ಬೆಳಿಗ್ಗೆ ಸಿದ್ದಮ್ಮ ಬರಲಿಲ್ಲ. ನನ್ನ ಹೆಂಡತಿ ಗಿರಿಜೆ ನೀರು ಹಾಕುವುದು, ನಾನು ಬೆರೆಸಿ ಕೊಡುವುದು ಎಂದಾಯಿತು. ತಣ್ಣೀರಿನ ಬಕೆಟ್ಟಿಗೆ ಹಂಡೆಯ ಬಿಸಿನೀರನ್ನು ಒಂದು ಹನಿಯೂ ಚೆಲ್ಲದಂತೆ ಮೆಲ್ಲಗೆ ಸುರಿದೆ. ಚೊಂಬಿನಿಂದ ಎರಡು ಸುತ್ತು ತಿರುಗಿಸಿದೆ. ನೀರು ಗಾಣದೆತ್ತಿನ ಹಾಗೆ ಶಿಸ್ತಾಗಿ ಸುತ್ತಿತು. ಥರ್ಮಾಮೀಟರನ್ನು ತಳದವರೆಗೆ ಇಳಿಸಿ ಹಿಡಿದೆ. ಬೇಕಾದ ಅಂಕಿ ಬರಲಿಲ್ಲ. ಬರುವವರೆಗೂ ಬಿಸಿನೀರು ಸೇರಿಸುತ್ತಲೇ ಹೋದೆ.

"ಸರ್ಯಾಗಿ ನೋಡುದ್ರಾ?" ಎಂದಳು ಗಿರಿಜೆ.

"ಡಿಗ್ರಿ ಲೆಕ್ಕದಲ್ಲಿ ನೋಡಿವ್ನಿ, ಹಾಕು" ಎಂದೆ.

ಪುಣ್ಯಕ್ಕೆ ಅವಳು ಸಿದ್ದಮ್ಮನ ಕ್ರಮ ಬಿಡಲಿಲ್ಲ. ಮೇಲಿನ ನೀರನ್ನು ಮೊಗೆದು ಮೊದಲ ಚೊಂಬನ್ನು ತನ್ನ ಬಲಗಾಲಿಗೆ ಸುರಿದುಕೊಂಡವಳು ಚೀರಿ ಎದ್ದಳು. "ಅಯ್ಯಯ್ಯೋ, ಕೂಸ್ನ ಬೇಯ್ಸ್‌ಬುಡ್ತಿದ್ರಲ್ಲಾ!" ಬಾಗಿಲಲ್ಲಿ ಕೂಸನ್ನು ಎತ್ತಿಕೊಂಡು ನಿಂತಿದ್ದ ಶ್ವೇತಾ ಒಂದು ಹೆಜ್ಜೆ ಹಿಂದೆ ಸರಿದಳು. "ಅಪ್ಪಾ, ಇನ್ ಮೇಲೆ ನೀವು ಬಚ್ಚಲ ಕಡೆ ಬರ್ಬೇಡಿ" ಎಂದಳು. ಗಿರಿಜೆಯ ಕಾಲಿಗೆ ಬೊಬ್ಬೆ ಬಂತು. ಆ ಚೊಂಬು ಕೂಸಿನ ಮೇಲೆ ಬಿದ್ದಿದ್ದರೆ ಎಂಬುದನ್ನು ಯೋಚಿಸಲು ಈಗಲೂ ಹೆದರಿಕೆ. ಮಗಳು ನನ್ನನ್ನು ನಂಬದೆ ಹಿಂದೆ ಸರಿದ ಆ ಒಂದು ಹೆಜ್ಜೆಯೂ ಕಡಿಮೆ ಸುಡಲಿಲ್ಲ.

ಮರುದಿನ ಬಂದ ಸಿದ್ದಮ್ಮ ನನ್ನನ್ನು ಕರೆದು ತೋರಿಸಿದರು. "ನೀರ್ನ ಬರೀ ಸುತ್ತುಸುದ್ರೆ ಬಿಸೀದು ಬಿಸೀದ್ರ ಜತ್ಗೆ ಸುತ್ತದ, ತಣ್ಣುಂದು ತಣ್ಣುಂದ್ರ ಜತ್ಗೆ ಸುತ್ತದ. ಅಡ್ಡಡ್ಡ ಕೈ ಆಡುಸ್ಬೇಕು ಕಣಿ ಮೇಷ್ಟ್ರೆ, ಸುಳಿ ಏಳ್ಬೇಕು." ಕೈಯನ್ನು ಮೊಣಕೈವರೆಗೆ ಇಳಿಸಿ ಕಲಕಿದರು. ನೀರು ಶಿಸ್ತು ಕಳೆದುಕೊಂಡು ಅಲ್ಲಲ್ಲಿ ಸುಳಿಯಾಗಿ ಒಡೆಯಿತು. ನಿನ್ನೆ ನನ್ನ ಥರ್ಮಾಮೀಟರ್ ಅಳೆದದ್ದು ತಳದ ನೀರನ್ನು, ಸುಡುವ ನೀರೆಲ್ಲ ಮೇಲೆಯೇ ನಿಂತಿತ್ತು.

ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಹಾಗೆ ಆ ಮಧ್ಯಾಹ್ನ, ಬಕೆಟ್ಟಿನ ಕಾವೇ ಹೀಗಾದರೆ ಭೂಮಿಯ ಕಾವಿನ ಕಥೆಯೇನೆಂದು ಫೋನು ಹಿಡಿದು ಓದಲು ಕೂತೆ. ಸಮಭಾಜಕದಲ್ಲಿ ಬಿಸಿಗಾಳಿ ಮೇಲೇರುತ್ತದೆ, ಧ್ರುವದಲ್ಲಿ ತಣ್ಣಗಾಗಿ ಇಳಿಯುತ್ತದೆ ಎಂದು ನಾನು ಮಕ್ಕಳಿಗೆ ಸಲೀಸಾಗಿ ಬರೆಯುತ್ತಿದ್ದ ಚಕ್ರ ನಿಜವಾಗಿ ದಾರಿಯ ಮೂರರಲ್ಲಿ ಒಂದು ಪಾಲೂ ದಾಟುವುದು ಕಷ್ಟ. ಅಲ್ಲಿಂದಾಚೆ ಭೂಮಿಯ ತಿರುಗಾಟ ಗಾಳಿಯನ್ನು ಬಾಗಿಸಿ, ಪಡುವಣದಿಂದ ಮೂಡಣಕ್ಕೆ ಸುಮ್ಮನೆ ಸುತ್ತಿಸುತ್ತದೆ. ಒಂದು ಕಡೆ ಬಿಸಿ, ಇನ್ನೊಂದು ಕಡೆ ಚಳಿ, ನಡುವೆ ಶಿಸ್ತಿನ ಸುತ್ತು. ನನ್ನ ಬಕೆಟ್ಟೇ! ಬಿಸಿಗೂ ಚಳಿಗೂ ಅಂತರ ಹೆಚ್ಚಿದಂತೆ, ಜೆಟ್ ಸ್ಟ್ರೀಮ್ ಎನ್ನುವ ಆ ಗಾಳಿಹೊಳೆ ಡೊಂಕಾಗಿ, ನೂರಾರು ಮೈಲಿ ಅಗಲದ ಸುಳಿಗಳಾಗಿ ಒಡೆಯುತ್ತದೆ. ಸುಳಿಯ ಒಂದು ಮಗ್ಗುಲು ಬಿಸಿಯನ್ನು ಧ್ರುವದ ಕಡೆ ಹೊತ್ತರೆ ಇನ್ನೊಂದು ಮಗ್ಗುಲು ಚಳಿಯನ್ನು ಇತ್ತ ತರುತ್ತದೆ. ವಿಜ್ಞಾನಿಗಳೂ ಬೋಗುಣಿಯಲ್ಲಿ ನೀರಿಟ್ಟು, ಅಂಚಿಗೆ ಬಿಸಿ, ನಡುವಿಗೆ ತಂಪು ಕೊಟ್ಟು, ತಿರುಗಿಸಿ ಇದನ್ನೇ ನೋಡಿದ್ದಾರಂತೆ. ಸಿದ್ದಮ್ಮನಿಗೆ ಬೋಗುಣಿಯನ್ನು ತಿರುಗಿಸುವಷ್ಟು ಬಿಡುವಿಲ್ಲ, ಅಷ್ಟೇ ವ್ಯತ್ಯಾಸ.

ಇನ್ನೂ ಸೋಜಿಗದ ಮಾತಿದೆ. ಈ ಸುಳಿಗಳು ಬರೀ ಕಾವು ಹೊರುವ ಕೂಲಿಗಳಲ್ಲ. ತಮ್ಮನ್ನು ಹುಟ್ಟಿಸಿದ ಆ ದೊಡ್ಡ ಗಾಳಿಹೊಳೆಗೆ ಅವೇ ಬಲ ಕೊಡುತ್ತವೆ, ಅದು ಎಲ್ಲಿ ಹರಿಯಬೇಕೆಂದು ಅವೇ ತಿದ್ದುತ್ತವೆ. ನಮ್ಮ ಬೇಗೂರನ್ನು ಒಳಗಿಟ್ಟುಕೊಂಡ ಬಿಸಿಗಾಳಿಯ ಚಕ್ರವನ್ನೂ ಅದರ ಆಚೆ ತುದಿಯಲ್ಲಿ ನಿಂತು ಎಳೆಯುತ್ತವೆ. ಚಿಕ್ಕದು ದೊಡ್ಡದನ್ನು ನಡೆಸುತ್ತದೆ ಎಂದು ಓದಿ ಮೊದಲು ನಂಬಲಿಲ್ಲ. ಆಮೇಲೆ ತೊಟ್ಟಿಲ ಕಡೆ ನೋಡಿದೆ. ಈ ಮನೆಯ ಯಜಮಾನ ನಾನೇ, ಸರಿ. ಆದರೆ ನಾನು ಯಾವಾಗ ಉಣ್ಣಬೇಕು, ಎಷ್ಟು ದನಿಯಲ್ಲಿ ಕೆಮ್ಮಬೇಕು ಎಂಬುದನ್ನೆಲ್ಲ ಎರಡು ತಿಂಗಳಿಂದ ಗೊತ್ತುಮಾಡುತ್ತಿರುವುದು ಮೊಳದುದ್ದದ ಒಂದು ಕೂಸು.

ಮುಂದಿನ ವಾರ ಸಿದ್ದಮ್ಮ ಮತ್ತೆ ಹೂವಿನ ಹೊಲಕ್ಕೆ ಹೋದರು. ಶ್ವೇತಾ ನನ್ನ ಮುಖ ನೋಡಿದಳು. ನಾನು ಬಾಯಿ ಬಿಟ್ಟು ಕೇಳಲಿಲ್ಲ, ಆದರೆ ಕೇಳಿದ್ದು ಅವಳಿಗೆ ಕೇಳಿಸಿತು. "ಸರಿ, ನೀವೇ ಬೆರ್ಸಿ" ಎಂದಳು. ಅಂಗಿಯ ತೋಳು ಮಡಚಿ ತಳದಿಂದ ಮೇಲಕ್ಕೆ, ಅಡ್ಡಡ್ಡ, ನೆಲವೆಲ್ಲ ಒದ್ದೆಯಾಗುವಂತೆ ಕಲಕಿದೆ. ಗಿರಿಜೆ ಬಂದು ಕುಳಿತಳು, ಚೊಂಬು ತುಂಬಿಕೊಂಡಳು. ಬೊಬ್ಬೆ ಒಣಗುತ್ತಿದ್ದ ಬಲಗಾಲನ್ನು ಮೆಲ್ಲಗೆ ಮಡಚಿ ಪಕ್ಕಕ್ಕೆ ಇಟ್ಟುಕೊಂಡು, ಎಡಗಾಲನ್ನು ಮಾತ್ರ ಮುಂದೆ ಚಾಚಿದಳು. ಅವಳಿಗೆ ನನ್ನ ಮೇಲೆ ನಂಬಿಕೆ ಮರಳಿತ್ತು, ಒಂದು ಕಾಲಿನಷ್ಟು.