ಕಮರುನ್ನೀಸಾ ಕೂಡಿಸಿದ ಸಭೆ

ಶಿವಾಜಿನಗರದ ಕಮರುನ್ನೀಸಾ ಕಗ್ಗದಾಸಪುರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ನರ್ಸಾಗಿ ಬಂದು ಹನ್ನೊಂದು ವರ್ಷವಾಗಿತ್ತು. ಯಾವ ಮನೆಯ ಮಗುವಿಗೆ ಯಾವ ಲಸಿಕೆ ಬಾಕಿ ಎಂದು ಪುಸ್ತಕ ತೆರೆಯದೆ ಹೇಳುತ್ತಿದ್ದಳು. ಹಿಡಿದ ಕೆಲಸ ಅರ್ಧಕ್ಕೆ ಬಿಡುವ ಜಾಯಮಾನ ಅವಳದಲ್ಲ.

೨೦೦೪ರಲ್ಲಿ ಹಂಸ ಎಂಬ ಸೊಸೆ ತನ್ನ ಅತ್ತೆ ಮುನಿವೆಂಕಟಮ್ಮನನ್ನು ಅವಳ ಬಳಿ ಕರೆತಂದಳು. ಮುದುಕಿಗೆ ಮರೆವಿನ ಕಾಯಿಲೆ. ಹೊಲ ಮಾರಿ, ಅಲ್ಲಿ ಫ್ಲ್ಯಾಟು ಎದ್ದು ಆರು ವರ್ಷವಾಗಿದ್ದರೂ ರಾಗಿಯ ಕಳೆ ಕೀಳಬೇಕೆಂದು ಹೊರಟುಬಿಡುತ್ತಿದ್ದಳು. ಆ ತಿಂಗಳಲ್ಲೇ ಮೂರು ಸಲ ಕಳೆದುಹೋಗಿದ್ದಳು. ಸಿಕ್ಕವರಿಗೆ ಮನೆ ತಿಳಿಯಲೆಂದು ಅವಳಿಗೊಂದು ಗುರುತಿನ ಚೀಟಿ ಕೇಳಿದರೆ ಕಲ್ಯಾಣ ಇಲಾಖೆಯವರು ಆಸ್ಪತ್ರೆಯ ಕಾಗದ ಬೇಕೆಂದರು. ಆಸ್ಪತ್ರೆಯವರು ಇಲಾಖೆಯ ಪತ್ರ ತನ್ನಿ ಎಂದರು. ಎರಡೂ ಇಲ್ಲದೆ ಏನು ಮಾಡೋಣ ಎಂದು ಪೊಲೀಸರು ಕೈಚೆಲ್ಲಿದರು.

ಕಮರುನ್ನೀಸಾ ಮೂರೂ ಕಡೆ ತಾನೇ ಅಲೆದಳು. ಕೊನೆಗೆ ಬೇಸತ್ತು, ಒಂದು ಗುರುವಾರ ಮಧ್ಯಾಹ್ನ ಎಲ್ಲರೂ ಆರೋಗ್ಯ ಕೇಂದ್ರಕ್ಕೇ ಬರಬೇಕೆಂದು ದುಂಬಾಲು ಬಿದ್ದಳು. ಆಸ್ಪತ್ರೆಯ ಡಾಕ್ಟರು, ಇಲಾಖೆಯ ಅಧಿಕಾರಿ, ಠಾಣೆಯ ಹೆಡ್ ಕಾನ್‌ಸ್ಟೆಬಲ್ ಬಂದರು. ಬಂದವರೇ ವರಾಂಡದಲ್ಲಿ ನಿಂತು, ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ಒಬ್ಬರ ಮೇಲೊಬ್ಬರು ಹಾಕತೊಡಗಿದರು. ಕಮರುನ್ನೀಸಾಳಿಗೆ ಅಳುವೇ ಬರುವಂತಾಯಿತು.

ಸೊಸೆಯ ಜೊತೆ ಬಂದು ಬೆಂಚಿನ ಮೇಲೆ ಕೂತಿದ್ದ ಮುನಿವೆಂಕಟಮ್ಮ ಸೆರಗು ಸರಿಮಾಡಿಕೊಂಡು ಎದ್ದಳು.

“ಹೆಣ್ಣು ನೋಡೋಕೆ ಬಂದೋರು ಹಿಂಗ್ ನಿಂತ್ಕೊಂಡು ಕಿತ್ತಾಡ್ತಾರಾ? ಕೂತ್ಕೊಳ್ಳಿ. ಹಂಸಾ, ಕಾಫಿ ತಗೊಂಬಾಮ್ಮ.”

ಹೆಡ್ ಕಾನ್‌ಸ್ಟೆಬಲ್ ಟೋಪಿ ತೆಗೆದು ಕುಳಿತರು. ಉಳಿದಿಬ್ಬರಿಗೂ ಕೂರದೆ ವಿಧಿಯಿರಲಿಲ್ಲ.

“ಈಗ ಹೇಳಿ, ನಿಮ್ ಕಡೆಯಿಂದ ಏನ್ ಮಾಡ್ತೀರಾ?” ಎಂದು ಮುದುಕಿ ಒಬ್ಬೊಬ್ಬರನ್ನೇ ಕೇಳಿದಳು.

ಆ ಹಿರಿಯ ಮುಖದ ಮುಂದೆ ಆಗುವುದಿಲ್ಲ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಅಂದೇ ಪರೀಕ್ಷಿಸಿ ಕಾಗದ ಕೊಡುವುದಾಗಿ ಡಾಕ್ಟರು ಒಪ್ಪಿದರು. ಆ ಕಾಗದದ ಮೇಲೇ ಚೀಟಿ ಮಾಡಿಕೊಡುತ್ತೇನೆಂದರು ಅಧಿಕಾರಿ. ಅಜ್ಜಿ ಎಲ್ಲಿ ಕಂಡರೂ ಠಾಣೆಗಲ್ಲ, ನೇರ ಮನೆಗೇ ಕರೆತರುತ್ತೇವೆಂದರು ಹೆಡ್ ಕಾನ್‌ಸ್ಟೆಬಲ್. ಮಾತು ತಿರುಗುವ ಮುನ್ನವೇ ಕಮರುನ್ನೀಸಾ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದು ಸಹಿ ಹಾಕಿಸಿಕೊಂಡಳು.

“ಗಂಡಿನ ಕಡೆಯೋರು ಒಳ್ಳೇ ಜನ ಕಣಮ್ಮ,” ಎಂದಳು ಮುನಿವೆಂಕಟಮ್ಮ ಅವಳ ಕಿವಿಯಲ್ಲಿ.

ಹದಿನೈದು ದಿನದಲ್ಲಿ ಚೀಟಿ ಬಂತು. ಸುದ್ದಿ ಹಬ್ಬಿ ಮುಂದಿನ ತಿಂಗಳು ಇನ್ನೆರಡು ಮನೆಯವರು ತಮ್ಮ ಹಿರಿಯರನ್ನು ಕರೆತಂದರು. ತಿಂಗಳಿಗೊಂದು ಗುರುವಾರ ಆ ಸಭೆ ಖಾಯಂ ಆಯಿತು. ಮುನಿವೆಂಕಟಮ್ಮನೂ ತಪ್ಪದೆ ಬರುತ್ತಿದ್ದಳು. ಅವಳಿಗೆ ಯಾರ ಗುರುತೂ ಇರುತ್ತಿರಲಿಲ್ಲ. ಹೆಡ್ ಕಾನ್‌ಸ್ಟೆಬಲ್ ಮಾತ್ರ ಒಂದಿಷ್ಟೂ ಬೇಸರಿಸದೆ, ಪ್ರತಿ ಸಲವೂ ತಮ್ಮ ಊರು, ಅಪ್ಪನ ಹೆಸರು ಹೇಳಿಕೊಂಡು, ಅವಳು ತಲೆಯಾಡಿಸಿದ ಮೇಲೆಯೇ ಕೂರುತ್ತಿದ್ದರು.