ಹಿಂದಿನ ಎಡಗಾಲಿ

ನನ್ನ ಕಾರಿನ ವಿಷಯದಲ್ಲಿ ನನಗೆ ಜಂಬವಿದೆ. ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಇಲ್ಲದಿದ್ದರೂ ನಾಲ್ಕನೆಯ ಸಾಲಿಗೆ ಬರುವಷ್ಟರಲ್ಲಿ ನಿಮಗೇ ಗೊತ್ತಾಗುತ್ತಿತ್ತು. ರೋಣದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ, ಐವತ್ತು ದಾಟಿದ, ಮಂಡಿ ಕಟಕಟ ಎನ್ನುವ ಹೆಂಗಸೊಬ್ಬಳು ಕೆಂಪು ಸ್ಪೋರ್ಟ್ಸ್ ಕಾರಿನಿಂದ ಇಳಿಯುವುದನ್ನು ನೋಡಲು ಚಹಾದಂಗಡಿಯ ಮುಂದಿನ ಜನ ಲೋಟವನ್ನು ಬಾಯಿಗೂ ಒಯ್ಯದೆ ನಿಂತುಬಿಡುತ್ತಾರೆ. ಇಳಿಯುವುದು ಎಂದೆನೇ? ತಪ್ಪು. ಅದು ಎಷ್ಟು ತಗ್ಗಿನ ಕಾರೆಂದರೆ ಅದರಿಂದ ಹತ್ತಿಯೇ ಹೊರಗೆ ಬರಬೇಕು, ಬಾವಿಯಿಂದ ಬಂದ ಹಾಗೆ.

ಎರಡೇ ಸೀಟು, ಎರಡೇ ಬಾಗಿಲು, ಮಡಚಿದರೆ ಹಿಂದಕ್ಕೆ ಬೀಳುವ ಬಟ್ಟೆಯ ಚಾವಣಿ. ಅದನ್ನು ತಯಾರಿಸಿದ ಸಣ್ಣ ಕಾರ್ಖಾನೆ ಬಾಗಿಲು ಹಾಕಿ ಬಹಳ ವರ್ಷಗಳಾಗಿವೆ. ಧಾರವಾಡದ ನಿವೃತ್ತ ಡಾಕ್ಟರೊಬ್ಬರು ತಮ್ಮ ಸೊಂಟ ಇನ್ನು ಒಪ್ಪುವುದಿಲ್ಲವೆಂದು ಅದನ್ನು ಮಾರುತ್ತಿದ್ದರು. ನಾನು ಹೋದದ್ದು ಅವರ ಹಳೆಯ ಪುಸ್ತಕದ ಕಪಾಟು ನೋಡಲು. ಬಂದದ್ದು ಕಾರಿನಲ್ಲಿ.

ಕೊಂಡ ಒಂದೇ ವಾರದಲ್ಲಿ ಅದರ ಸ್ವಭಾವ ತಿಳಿಯಿತು. ನೇರವಾಗಿ ಹೋಗಬೇಕೆಂದರೆ ಸ್ಟೇರಿಂಗನ್ನು ತುಸು ಎಡಕ್ಕೆ ಹಿಡಿದಿರಬೇಕು. ಎಡತಿರುವಿನಲ್ಲಿ ಸಾಧು, ಬಲತಿರುವಿನಲ್ಲಿ ಹಟಮಾರಿ. ವೇಗ ಏರಿದರೆ ಮೈಯೆಲ್ಲ ಒಂದು ಬಗೆಯ ಅಳುಕು. ನಾನು ರಸ್ತೆಯನ್ನು ಬೈದೆ. ನಮ್ಮ ಕಡೆ ರಸ್ತೆಯನ್ನು ಬೈಯುವುದು ಸುಲಭ, ನ್ಯಾಯವೂ ಹೌದು. ಕೆಳಗಿರುವುದು ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಮೇಲಿನ ಡಾಂಬರು ಒಣಹಾಕಿದ ಹಪ್ಪಳದಂತೆ ಅಲೆಅಲೆಯಾಗುತ್ತದೆ. ಆದರೆ ಅದೇ ರಸ್ತೆಯ ಮೇಲೆ ನನ್ನ ಸಹೋದ್ಯೋಗಿಗಳ ಹಳೆಯ ಸ್ಕೂಟರುಗಳು ತಣ್ಣಗೆ ಹೋಗುತ್ತಿದ್ದವಲ್ಲ? ಇದನ್ನು ಮಾತ್ರ ನಾನು ಯೋಚಿಸಲಿಲ್ಲ.

ಹುಸೇನಸಾಬರು ರೋಣದ ಹೊರವಲಯದಲ್ಲಿ ಟ್ರ್ಯಾಕ್ಟರ್ ರಿಪೇರಿಯ ಶೆಡ್ ಇಟ್ಟಿರುವ ಹಿರಿಯ ಮೆಕ್ಯಾನಿಕ್. ಕಾರನ್ನು ಮೂರು ಸುತ್ತು ಹಾಕಿ, ಬಗ್ಗಿ, ಎದ್ದು, "ಅಕ್ಕಾರ, ಇದು ಗಾಡಿ ಅಲ್ಲರಿ, ಚಪ್ಪಲಿ ಐತಿ" ಎಂದರು. ಆದರೂ ಪ್ರೀತಿಯಿಂದಲೇ ಕೈ ಹಚ್ಚಿದರು. ಟೈರುಗಳಿಗೆ ಗಾಳಿ ಜಾಸ್ತಿ ತುಂಬಿದರು, ಕಾರು ಪುಟಿಯತೊಡಗಿತು. ಶಾಕ್ ಅಬ್ಸಾರ್ಬರುಗಳನ್ನು ಗಟ್ಟಿಯವಕ್ಕೆ ಬದಲಿಸಿದರು. ನನ್ನ ಹಲ್ಲು ಪುಟಿಯತೊಡಗಿದವು. ಕೊನೆಗೆ ಗದಗಿಗೆ ಹೋಗಿ ಕಂಪ್ಯೂಟರಿನಿಂದ ಮುಂಗಾಲಿಗಳ ಜೋಡಣೆ ನೋಡಿಸಿದೆ. ಎಲ್ಲ ಸರಿಯಾಗಿದೆ ಎಂದು ಅದು ಹಸಿರು ಬಣ್ಣದಲ್ಲಿ ಹೇಳಿತು. ಒಂಬತ್ತನೆಯ ತರಗತಿಗೆ ಬಲ ಮತ್ತು ಚಲನೆಯ ಪಾಠ ಮಾಡುವವಳ ಕಾರು ಚಲಿಸುತ್ತಿತ್ತು. ಬಲ ಎತ್ತಲಿಂದ ಬರುತ್ತಿದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ.

ಇಷ್ಟರಲ್ಲಿ ಅಣ್ಣನ ಪ್ರಸಂಗ ನಡೆಯಿತು. ನನ್ನ ಅಣ್ಣ ಶಂಕ್ರಪ್ಪ ಗಜೇಂದ್ರಗಡದಲ್ಲಿ ಕೈಮಗ್ಗದ ಸೀರೆ ನೇಯುವವನು. ನಮ್ಮ ಮನೆತನದ ಕಸುಬನ್ನು ಅವನು ಉಳಿಸಿಕೊಂಡ. ಅವನು ನೇಯ್ದು ಓದಿಸಿದ್ದರಿಂದ ನಾನು ಟೀಚರಾದೆ. ಅವನು ಹೆಚ್ಚು ಮಾತಾಡುವವನಲ್ಲ. ರೋಣದ ವ್ಯಾಪಾರಿಯೊಬ್ಬರಿಗೆ ನಾಲ್ಕು ಸೀರೆ ಮುಟ್ಟಿಸಬೇಕಿತ್ತು. ನಾನೇ ಕರೆದೊಯ್ಯುತ್ತೇನೆಂದು ಹಟ ಹಿಡಿದೆ. ತಂಗಿ ಕಾರು ಓಡಿಸುವುದನ್ನು ಅಣ್ಣ ಪಕ್ಕದಲ್ಲಿ ಕುಳಿತು ನೋಡಬೇಕೆಂಬ ಆಸೆ ನನಗೆ ಕಾರು ಕೊಂಡ ದಿನದಿಂದಲೂ ಇತ್ತು.

ಅಬ್ಬಿಗೇರಿ ದಾಟಿದ ಮೇಲೆ ಒಂದು ಬಲತಿರುವು. ಅದರ ನಡುವೆ ಕುರಿಹಿಂಡು ರಸ್ತೆಗೆ ಬಂತು. ನಾನು ಬೆಚ್ಚಿ ಆಕ್ಸಿಲರೇಟರಿನಿಂದ ಕಾಲು ತೆಗೆದೆ, ಅಷ್ಟೇ. ಕಾರಿನ ಬೆನ್ನು ಎಡಕ್ಕೆ ಹಾರಿತು. ಆಕಾಶ, ಕುರಿ, ಕಡಲೆ ಹೊಲ, ಮತ್ತೆ ಆಕಾಶ. ನಿಂತಾಗ ನಾವು ಬಂದ ದಾರಿಗೇ ಮುಖ ಮಾಡಿದ್ದೆವು. ಹಿಂಗಾಲಿಗಳು ಹೊಲದ ಹಸಿ ಎರೆಯಲ್ಲಿ ಹೂತಿದ್ದವು. ಕುರಿಗಳಿಗೆ ಏನೂ ಆಗಿರಲಿಲ್ಲ. ನಮಗೂ ಇಲ್ಲ. ಅಣ್ಣ ಸೀರೆಯ ಗಂಟನ್ನು ಎದೆಗೆ ಅವುಚಿಕೊಂಡು ಕುಳಿತಿದ್ದ. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು ಹೊರಗೆ ಬಂದ.

"ಪೆಟ್ಟಾತೇನು?" ಎಂದು ಕೇಳಿದ.

"ಇಲ್ಲಪ್ಪ. ನಿನಗ?"

"ಇಲ್ಲ" ಎಂದ. ಕುರಿ ಕಾಯುವವನನ್ನೂ ದಾರಿಹೋಕರನ್ನೂ ಕರೆದು ಕಾರನ್ನು ರಸ್ತೆಗೆ ನೂಕಿಸಿದ. ಆಮೇಲೆ ದೂರದಲ್ಲಿ ಬರುತ್ತಿದ್ದ ಬಸ್ಸಿಗೆ ಕೈ ಮಾಡಿದ. "ನೀ ಸಾವಕಾಶ ಬಾರವಾ" ಎಂದು ಹತ್ತಿ ಹೋಗಿಬಿಟ್ಟ.

ಬೈದಿದ್ದರೆ ಚೆನ್ನಾಗಿತ್ತು. ಆ ಬಸ್ಸಿನ ಹಿಂದೆ ಹೊಗೆ ಕುಡಿಯುತ್ತ ರೋಣದವರೆಗೂ ತೆವಳಿದೆ. ಕಾರನ್ನು ಹುಸೇನಸಾಬರ ಶೆಡ್ಡಿನಲ್ಲಿ ಬಿಟ್ಟು, "ಯಾರಾದರ ಕೇಳಿದ್ರ ಕೊಟ್ಟುಬಿಡ್ರಿ" ಎಂದು ಮನೆಗೆ ನಡೆದೆ.

ಆ ರವಿವಾರ ಬಸ್ಸಿನಲ್ಲಿ ಗಜೇಂದ್ರಗಡಕ್ಕೆ ಹೋದಾಗ ಅಣ್ಣ ಮಗ್ಗದ ಮುಂದೆ ಕುಳಿತಿದ್ದ. ಲಾಳಿ ನಿಲ್ಲಿಸದೆ, "ಗಾಡಿ ಎಲ್ಲೈತಿ?" ಎಂದ.

"ಮಾರತೀನಿ."

"ಯಾಕ? ರೋಗ ಸಿಕ್ಕತೇನು?"

"ಸ್ಟೇರಿಂಗ್‌ದಾಗ ಏನೋ ಐತಿ. ಯಾರಿಗೂ ತಿಳಿವಲ್ದು."

ಲಾಳಿ ನಿಂತಿತು. "ಸ್ಟೇರಿಂಗ್ ಅಲ್ಲಬೇ. ಅದು ಹಿಂದಿಂದ ಹೊಳ್ಳತೈತಿ. ನೀ ಸ್ಟೇರಿಂಗ್ ಹಿಡದಿದ್ದಿ, ನಿನಗ ಮುಂದಿಂದಷ್ಟೇ ಕಂಡತು. ನಾ ಸುಮ್ಮ ಕುಂತಿದ್ದೆ. ನನ್ನ ಕುಂಡಿಗೆ ಗೊತ್ತಾತು. ಎಡಮಗ್ಗಲು ಹಿಂದಿನ ಗಾಲಿ ಮೊದಲು ಹೊರಗ ಎಳೀತು, ಆಮ್ಯಾಲೆ ಗಾಡಿ ಹೋತು."

ಇಷ್ಟು ತಿಂಗಳು ನಾವೆಲ್ಲ ಕಾರಿನ ಮುಖ ನೋಡಿಯೇ ಔಷಧಿ ಕೊಟ್ಟಿದ್ದೆವು. ಹಿಂದಿನ ಎಡಗಾಲಿ ಹೊರಕ್ಕೆ ಮುಖ ಮಾಡಿದ್ದರೆ ಬೆನ್ನು ಎಡಕ್ಕೆ ಹೋಗುತ್ತದೆ, ಮೂತಿ ಬಲಕ್ಕೆ ಹೊರಳುತ್ತದೆ, ನಾನು ಸ್ಟೇರಿಂಗನ್ನು ಎಡಕ್ಕೆ ಹಿಡಿದಿರಬೇಕಾಗುತ್ತದೆ. ಬಲತಿರುವಿನಲ್ಲಿ ಭಾರವೆಲ್ಲ ಬೀಳುವುದೂ ಅದೇ ಗಾಲಿಯ ಮೇಲೆ. ಹಲಗೆಯ ಮೇಲೆ ಚಿತ್ರ ಬರೆದರೆ ನನ್ನ ವಿದ್ಯಾರ್ಥಿಗಳು ಎರಡು ನಿಮಿಷದಲ್ಲಿ ಹೇಳುತ್ತಿದ್ದರು.

ಮರುದಿನವೇ ಅಣ್ಣ ಒಂದು ಉಂಡೆ ನೂಲು ಹಿಡಿದು ಹುಸೇನಸಾಬರ ಶೆಡ್ಡಿಗೆ ಬಂದ. ಸೀರೆಗೆ ಉದ್ದದ ಎಳೆ ಹಾಸುವಾಗ ಒಂದೆಳೆ ಸಡಿಲಾದರೂ ಅವನ ಬೆರಳಿಗೆ ತಿಳಿಯುತ್ತದೆ. ನಾಲ್ಕು ಕುರ್ಚಿಗಳಿಗೆ ಕಟ್ಟಿ, ಗಾಲಿಯ ನಡುಮಟ್ಟಕ್ಕೆ, ಕಾರಿನ ಎರಡೂ ಮಗ್ಗುಲಿಗೆ ಒಂದೊಂದು ಎಳೆ ಬಿಗಿದ. ಎರಡೂ ಸಮನಾಗಿ ಬರುವವರೆಗೆ ಕುರ್ಚಿಗಳನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಿದ. ನಾನು ಸ್ಕೇಲು ಹಿಡಿದು ನೂಲಿನಿಂದ ಪ್ರತಿ ಗಾಲಿಯ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ಅಳೆದೆ. ಮೂರು ಗಾಲಿ ನೇರ. ಹಿಂದಿನ ಎಡಗಾಲಿ ಹೊರಕ್ಕೆ ಕತ್ತು ತಿರುಗಿಸಿತ್ತು, ಎರಡು ಜೋಳದ ಕಾಳಿನಷ್ಟು.

"ಅಯ್ಯ ನಿನ!" ಎಂದು ಹುಸೇನಸಾಬರು ಕಾರಿನ ಅಡಿಗೆ ತೂರಿದರು. ಗಾಲಿಯನ್ನು ಹಿಡಿದಿಡುವ ತೋಳಿನ ಬುಡಕ್ಕೆ ಸಲಾಕಿ ಕೊಟ್ಟು ಮೀಟಿದರೆ ಒಳಗಿನ ರಬ್ಬರ್ ಬುಷ್ ನೆನೆದ ರೊಟ್ಟಿಯಂತೆ ಹರಿದಿತ್ತು. ನಾನು ಕಾಲು ತೆಗೆದಾಗಲೆಲ್ಲ ಆ ತೋಳು ಅಲುಗಿ, ಗಾಲಿ ಇನ್ನಷ್ಟು ಹೊರಗೆ ತಿರುಗುತ್ತಿತ್ತು. "ನಾನೂ ಎಂಥ ಮಬ್ಬರಿ, ಅಕ್ಕಾರ! ಹಿಂದ ನೋಡ್ಲೇ ಇಲ್ಲ" ಎಂದು ಹಣೆ ಬಡಿದುಕೊಂಡರು. ಹೊಸ ಬುಷ್ ಎಲ್ಲಿಯೂ ಸಿಗುವಂತಿರಲಿಲ್ಲ. ಬೇರೊಂದು ವಾಹನದ ಬುಷ್ ತಂದು, ಅದಕ್ಕೆ ಹೊಂದುವ ಉಕ್ಕಿನ ಬಳೆಯನ್ನು ತಾವೇ ಲೇತಿನಲ್ಲಿ ಕೊರೆದರು. ಎರಡೂ ಮಗ್ಗುಲಿಗೆ ಹಾಕಿ, ಮೃದುವಾದ ಹಳೆಯ ಶಾಕ್ ಅಬ್ಸಾರ್ಬರುಗಳನ್ನೇ ತಿರುಗಿ ಕೂರಿಸಿ, ಟೈರಿನ ಗಾಳಿ ಇಳಿಸಿದರು. ಅಣ್ಣ ಮತ್ತೆ ನೂಲು ಬಿಗಿದ. ನಾಲ್ಕೂ ಗಾಲಿ ಒಂದೇ ಮಾತಿಗೆ ಬಂದವು.

ಮೊದಲ ಪರೀಕ್ಷೆಗೆ ನಾನೊಬ್ಬಳೇ ಹೋದೆ. ಅದೇ ಬಲತಿರುವು, ಖಾಲಿ ರಸ್ತೆ. ಮೊದಲು ಮೆಲ್ಲಗೆ, ಆಮೇಲೆ ತುಸು ಜೋರಾಗಿ, ನಡುವೆ ಬೇಕೆಂದೇ ಕಾಲು ತೆಗೆದೆ. ಕಾರು ಮೂತಿಯನ್ನು ಚೂರು ಒಳಕ್ಕೆಳೆದುಕೊಂಡು, ಕೆಲಸ ಬಲ್ಲ ಎತ್ತಿನಂತೆ ಹೊರಳಿತು. ಹತ್ತು ಸಲ ಹೋಗಿಬಂದೆ. ಹೊಲದಲ್ಲಿ ಕಡಲೆ ಕೀಳುತ್ತಿದ್ದ ಹೆಂಗಸರು ಕೊನೆಗೆ, "ಏನರೆ ಕಳದೈತೇನ್ರಿ?" ಎಂದು ಕೂಗಿ ಕೇಳಿದರು. ಸಿಕ್ಕಿತು ಎಂದು ನಾನೂ ಕೂಗಿ ಹೇಳಿದೆ.

ಅಣ್ಣನನ್ನು ಕರೆಯಲು ಮಾತ್ರ ಹದಿನೈದು ದಿನ ಬೇಕಾಯಿತು. ಕಾರಿನ ಮೇಲೆ ನಂಬಿಕೆ ಬಂದಿತ್ತು. ಕೇಳುವ ಧೈರ್ಯ ಬಂದಿರಲಿಲ್ಲ. ನರಗುಂದದಲ್ಲಿ ಅವನ ಹಳೆಯ ಗೆಳೆಯನ ಹೊಸ ಮನೆಯ ಒಕ್ಕಲು ಇತ್ತು. "ಬಸ್ಸಿಗೆ ಹೋಗತಿಯೇನು, ನನ್ನ ಕೂಡ ಬರತಿಯೋ?" ಎಂದು ಎತ್ತಲೋ ನೋಡುತ್ತ ಕೇಳಿದೆ. ಅವನು ತಲೆಯ ಪಟಕಾ ಸರಿಮಾಡಿಕೊಂಡು, "ನೂಲು ಹಿಡದವನೇ ನಾನು. ಇನ್ನ ಬಸ್ಸಿಗೆ ಯಾಕ ಹೋಗ್ಲಿ?" ಎಂದು ಬಂದು ಕುಳಿತ.

ಅಂದು ನಾನು ಓಡಿಸಿದಂತೆ ಜನ್ಮದಲ್ಲಿ ಓಡಿಸಿಲ್ಲ. ಚಾವಣಿ ಮಡಚಿತ್ತು, ಎಳೆಬಿಸಿಲಿತ್ತು, ರೋಣ ಹಿಂದಾಗಿತ್ತು. ತಿರುವುಗಳನ್ನು ಒಂದೊಂದಾಗಿ ಗೆರೆ ಎಳೆದಂತೆ ದಾಟಿದೆ. ಅಲೆಯೆದ್ದ ಡಾಂಬರಿನ ಮೇಲೆ ಕಾರು ತೇಲಿದಂತೆ ಹೋಯಿತು. ಒಂದು ಒಳ್ಳೆಯ ಬಲತಿರುವನ್ನು ಬಹಳ ಚೆಂದ ದಾಟಿ, ಈಗಲಾದರೂ ಏನಾದರೂ ಹೇಳುತ್ತಾನೆಂದು ಪಕ್ಕಕ್ಕೆ ತಿರುಗಿದೆ.

ಅಣ್ಣ ನಿದ್ದೆ ಹೋಗಿದ್ದ. ಬಾಯಿ ತುಸು ತೆರೆದಿತ್ತು; ಕೈಗಳು ತೊಡೆಯ ಮೇಲೆ ಸಡಿಲವಾಗಿ ಬಿದ್ದಿದ್ದವು.

ಒಂದು ಕ್ಷಣ ಕೋಪ ಬಂತು. ಆಮೇಲೆ ತಿಳಿಯಿತು: ಗದಗಿನ ಕಂಪ್ಯೂಟರಿನ ಹಸಿರಿಗಿಂತ ದೊಡ್ಡ ಸರ್ಟಿಫಿಕೇಟು ನನ್ನ ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದೆ. ನೋಡಿ ಮೆಚ್ಚುವವರು ದಾರಿಯುದ್ದಕ್ಕೂ ಸಿಗುತ್ತಾರೆ. ಕಣ್ಣು ಮುಚ್ಚಿ ಮೆಚ್ಚುವವರು ಎಷ್ಟು ಮಂದಿ? ನರಗುಂದದ ಗುಡ್ಡ ಎದುರಿಗೆ ಕಂಡಿತು, ಗೆಳೆಯನ ಮನೆಯ ಓಣಿಯೂ ಬಂತು. ನಾನು ಅವನನ್ನು ಎಬ್ಬಿಸಲಿಲ್ಲ. ಊರನ್ನೊಂದು ಸುತ್ತು ಹೆಚ್ಚಿಗೆ ಹಾಕಿದೆ, ಬಲತಿರುವುಗಳನ್ನೇ ಹುಡುಕಿಕೊಂಡು.