ಅವ್ವನ ದಮ್ಮು

ಬಿಸಿಲು ಏರುವ ಮೊದಲೇ ಓಡಿ ಮುಗಿಸಬೇಕು. ನಮ್ಮ ಶಹಾಪುರದ ಕಡೆ ಓಡುವವರಿಗೆ ಗೊತ್ತಿರುವ ಶಾಸ್ತ್ರ ಇದೊಂದೇ. ನಾನು ಸುರಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು, ಓಡುವುದು ನನ್ನ ಹುಚ್ಚು. ನಸುಕಿನಲ್ಲಿ ಕಾಲುವೆಯ ಏರಿಯ ಮೇಲೆ ಮೊದಲ ಹೆಜ್ಜೆಯಿಂದಲೇ ಬಿರುಸಾಗಿ ಓಡಿ ಅಭ್ಯಾಸ. ಅದೇ ಚಾಳಿಯನ್ನು ಕಟ್ಟಿಕೊಂಡು ಒಂದು ಬೇಸಿಗೆ ರಜೆಯಲ್ಲಿ ಕೀನ್ಯಾದ ಗುಡ್ಡಗಾಡಿನ ಊರೊಂದಕ್ಕೆ ಹೋದೆ. ದೊಡ್ಡ ದೊಡ್ಡ ಮ್ಯಾರಥಾನ್ ಗೆದ್ದವರು ಅಲ್ಲಿ ತರಬೇತಿ ಮಾಡುತ್ತಾರೆ, ನನ್ನಂಥ ಹವ್ಯಾಸಿಗಳನ್ನೂ ಜೊತೆಗೆ ಸೇರಿಸಿಕೊಳ್ಳುತ್ತಾರೆ.

ಮೊದಲ ದಿನ ಅವರು ಹೊರಟ ರೀತಿ ನೋಡಿ ನನಗೆ ನಗು ಬಂತು. ಇವರೇನು ಓಡುವವರೋ, ಮದುವೆ ಮನೆಗೆ ಊಟಕ್ಕೆ ಹೊರಟವರೋ? ನಾನು ಎಲ್ಲರನ್ನೂ ಹಿಂದೆ ಹಾಕಿದೆ. ಮೊದಲ ಏರಿನಲ್ಲೇ ಉಸಿರು ಕಟ್ಟಿತು. ಚಳಿ, ತುಂತುರು ಮಳೆ, ಎಳೆದಷ್ಟೂ ಸಾಲದ ತೆಳು ಗಾಳಿ. ಸೊಂಟದ ಮೇಲೆ ಕೈಯಿಟ್ಟು ನಿಂತಾಗ ನನ್ನ ಎದೆಯೊಳಗಿಂದ ಸಣ್ಣಗೆ ಸೀಟಿ ಹೊಡೆದಂಥ ಸದ್ದು ಬಂತು. ಆ ಸದ್ದಿನ ಗುರುತು ನನಗಿತ್ತು.

ನಮ್ಮವ್ವ ಶಹಾಪುರದ ಹತ್ತಿ ಮಿಲ್ಲಿನಲ್ಲಿ ಹತ್ತಿ ಆರಿಸುತ್ತಿದ್ದಳು. ಧೂಳು ಕುಡಿದು ಕುಡಿದು ದಮ್ಮು ಹತ್ತಿತು. ಕೊನೆಕೊನೆಗೆ ಮಲಗಲಾರದೆ ಗೋಡೆಗೆ ಒರಗಿ ಕೂತಿರುತ್ತಿದ್ದಳು. ಆ ಸೀಟಿ ಕೇಳುತ್ತಿರುವ ತನಕ ಅವ್ವ ಇದ್ದಾಳೆ ಎಂದು ನಾನು, ಅಕ್ಕ ಧೈರ್ಯ ತಂದುಕೊಳ್ಳುತ್ತಿದ್ದೆವು. ಒಂದು ದಿನ ಅದೂ ನಿಂತಿತು. ನಾನು ಓಡಲು ಹಿಡಿದದ್ದು ಆಮೇಲೆ. ಯಾದಗಿರಿಯ ಓಟಗಳಲ್ಲಿ ಗೆದ್ದ ಪದಕಗಳೆಲ್ಲ ನೆಪ. ದಿನಾ ಓಡಿ ಬಂದು, ನನ್ನ ಎದೆಯಲ್ಲಿ ಸೀಟಿ ಇಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೇ ನನಗೆ ಚಹಾ ರುಚಿಸುತ್ತಿತ್ತು.

ಅಲ್ಲಿ ಯಾರಿಗೂ ಹೇಳಲಿಲ್ಲ. ಎತ್ತರದ ಊರು, ಒಗ್ಗಿಲ್ಲ ಎಂದೆ. ಮರುದಿನ ತಂಡದ ಒಬ್ಬ ಹೆಣ್ಣುಮಗಳು ನನ್ನ ಜೊತೆಗೆ ನಿಧಾನವಾಗಿ ಓಡಲು ಬಂದಳು. ಅವಳಿಗೆ ಮುಂದಿನ ತಿಂಗಳೇ ದೊಡ್ಡ ಓಟವಿತ್ತು. ನಿನ್ನ ಭಾಷೆಯಲ್ಲೇ ಏನಾದರೂ ಮಾತಾಡುತ್ತಾ ಓಡು, ಮಾತು ಕಡಿದರೆ ವೇಗ ಹೆಚ್ಚಾಯಿತೆಂದು ಅರ್ಥ ಎಂದಳು. ರೊಟ್ಟಿ, ಪುಂಡಿಪಲ್ಲೆ ಎಂದು ಏನೋ ಶುರು ಮಾಡಿದೆ. ಏರು ಬರುತ್ತಿದ್ದಂತೆ ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.

"ನನಗ ಭಾಳ ಅಂಜಿಕಿ ಆಗಾಕತ್ತದ. ನಾ ಇಲ್ಲೇ ಸತ್ರ ಅಕ್ಕಗ ಯಾರು ಹೇಳವ್ರು?"

ಅವಳಿಗೆ ಒಂದು ಮಾತೂ ತಿಳಿಯುವಂತಿರಲಿಲ್ಲ. ಆದರೂ ತಟ್ಟನೆ ನಿಂತು, ನನ್ನ ಬೆನ್ನಿಗೆ ಕಿವಿ ಹಚ್ಚಿ ಕೇಳಿದಳು. ಆಮೇಲೆ ತನ್ನ ಅಂದಿನ ಓಟ ಬಿಟ್ಟು, ನನ್ನ ತೋಳು ಹಿಡಿದು ನಡೆಸಿಕೊಂಡೇ ಆಸ್ಪತ್ರೆಗೆ ಕರೆದೊಯ್ದಳು.

ಡಾಕ್ಟರು ಅಸ್ತಮಾ ಎಂದರು. ಔಷಧಿ ಎಳೆದುಕೊಳ್ಳುವ ಪಂಪು ಕೊಟ್ಟು, ಓಡುವುದನ್ನು ಬಿಡಬೇಕಿಲ್ಲ, ಇದು ಕೈಯಲ್ಲಿದ್ದರೆ ಸಾಕು ಎಂದೂ ಹೇಳಿದರು. ನನ್ನ ತಲೆಗೆ ಅದೇನೂ ಹೋಗಲಿಲ್ಲ. ಗೋಡೆಗೆ ಒರಗಿದ ಅವ್ವನೇ ಕಣ್ಣ ಮುಂದೆ ಇದ್ದಳು. ಹೊರಗೆ ಬಂದವಳೇ ಅಕ್ಕನಿಗೆ ಫೋನ್ ಹಚ್ಚಿದೆ. ಅವ್ವ ಹೋದ ಮೇಲೆ ಅದೇ ಮಿಲ್ಲಿಗೆ ಕೆಲಸಕ್ಕೆ ಸೇರಿ ನನ್ನನ್ನು ಓದಿಸಿದವಳು ಅವಳು. ಈಗಲೂ ಅಲ್ಲೇ ದುಡಿಯುತ್ತಾಳೆ.

"ಅಕ್ಕಾ, ಅವ್ವನ ದಮ್ಮು ನನಗ ಬಂದದ."

ಅವಳು ಅಳಲಿಲ್ಲ, ಬೈಯಲೂ ಇಲ್ಲ. "ಡಾಕ್ಟರ್ ಏನಂದ್ರು?"

"ಪಂಪ್ ಕೊಟ್ಟಾರ. ಬಾಯಾಗ ಇಟ್ಟು ಎಳಕೋಬೇಕು."

"ಎಳಕೊಂಡ್ರ ಸೀಟಿ ನಿಲ್ತದೇನು?"

"ನಿಂತದ."



"ಹಂಗಾರ ಬರೋವಾಗ," ಅಂದಳು ಅಕ್ಕ, "ನನಗೂ ಒಂದು ತೊಗೊಂಡು ಬಾ."